ವಿಡಿಯೋದಲ್ಲಿನ ಕೀಟಾಹಾರಿ ಗಿಡ ಅಸಲಿಯೋ, ಎಐ ಸೃಷ್ಟಿಯೋ?

ಪ್ರಶ್ನೆ: ವೀನಸ್ ಫ್ಲೈಟ್ರ್ಯಾಪ್ ನೊಣವನ್ನು ಗಬಕ್ಕನೆ ನುಂಗಿ, ಮರುಕ್ಷಣ ಮತ್ತೆ ಬಾಯಿ ತೆರೆಯುವ ವಿಡಿಯೋ ಓಡಾಡುತ್ತಿದೆ. ನಿಜವೇ? ಗುರುತಿಸುವುದು ಹೇಗೆ?

ಉತ್ತರ 1: ಮರುಕ್ಷಣ ತೆರೆಯಿತಲ್ಲ, ಅಲ್ಲೇ ಸಿಕ್ಕಿಬಿತ್ತು. ಅಸಲಿ ಬೋನು (ಬಾಯಿಯಂತೆ ಎರಡು ಭಾಗ, ಅಂದರೆ ಹಾಲೆಗಳಿರುವ ಎಲೆ) ಮುಚ್ಚಲು ಸುಮಾರು 0.1 ಸೆಕೆಂಡ್ ಸಾಕು. ತೆರೆಯಲು ಮಾತ್ರ, ಬೇಟೆ ಸಿಕ್ಕಿದ್ದರೆ 5ರಿಂದ 12 ದಿನ, ಸಿಗದಿದ್ದರೂ ಹೆಚ್ಚುಕಡಿಮೆ ಒಂದು ದಿನ. ವಿಡಿಯೋ ನಿಲ್ಲಿಸಿ ಒಳಮೈ ನೋಡಿ: ಪ್ರತಿ ಹಾಲೆಯಲ್ಲಿ ಸಾಮಾನ್ಯವಾಗಿ 3 ಸಣ್ಣ ಕೂದಲು. ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ತಾಗಿದರೆ ಮುಚ್ಚುತ್ತದೆ. ನೊಣ ಕೂರುವ ಮೊದಲೇ ಮುಚ್ಚಿದರೆ ನಕಲಿ. ಅಂಚಿನ ಹಲ್ಲುಗಳನ್ನು ಫ್ರೇಮ್ ಫ್ರೇಮಿಗೂ ಎಣಿಸಿ. ಎಐ ವಿಡಿಯೋದಲ್ಲಿ ಹಲವು ಸಲ ಲೆಕ್ಕ ತಪ್ಪುತ್ತದೆ, ಮುಚ್ಚುವಾಗ ಒಂದರೊಳಗೊಂದು ಕರಗಿಹೋಗುತ್ತವೆ.

ಉತ್ತರ 2: ಗಾತ್ರವನ್ನೂ ನೋಡಿ, ಬೋನು ಸಾಮಾನ್ಯವಾಗಿ 2–3 ಸೆಂ.ಮೀ. ಅಷ್ಟೆ. ಇನ್ನು ಹೂಜಿಯಂಥ ಎಲೆಯಲ್ಲಿ ಕೀಟ ಹಿಡಿಯುವ ಹೂಜಿ ಗಿಡದ ಮುಚ್ಚಳ ಪಟ್ಟನೆ ಮುಚ್ಚಿಕೊಂಡರೆ ಮುಂದೆ ನೋಡಲೇಬೇಡಿ. ತೆರೆದ ಹೂಜಿ ಮತ್ತೆ ಮುಚ್ಚುವುದಿಲ್ಲ. ಕೀಟ ನುಣುಪಾದ ಅಂಚಿನಿಂದ ಜಾರಿ ಬೀಳುತ್ತದೆ.

ಉತ್ತರ 3: ಬರೀ ವೇಗ ನೋಡಿ ತೀರ್ಪು ಕೊಡಬೇಡಿ. ಅಂಟು ಹನಿಗಳಿಂದ ಕೀಟ ಹಿಡಿಯುವ ಡ್ರಾಸೆರಾ ಗಿಡದ ಎಲೆ ಸುರುಳಿಯಾಗಲು ಗಂಟೆಗಳೇ ಬೇಕು, ಟೈಮ್‌ಲ್ಯಾಪ್ಸ್‌ನಲ್ಲಿ (ಗಂಟೆಗಳನ್ನು ಕ್ಷಣಗಳಿಗೆ ಕುಗ್ಗಿಸಿದ ವಿಡಿಯೋದಲ್ಲಿ) ಸರಸರ ಮಡಚಿದಂತೆ ಕಾಣುತ್ತದೆ. ಅದು ಅಸಲಿಯೇ. ಅದರದೇ ಒಂದು ಪ್ರಭೇದ ಡ್ರಾಸೆರಾ ಗ್ಲ್ಯಾಂಡುಲಿಜೆರಾ ಅಂತೂ ಎಲೆಯಂಚಿನ ಎಳೆಯಂಥ ಗ್ರಹಣಾಂಗಗಳನ್ನು ನಿಜಕ್ಕೂ ಕಣ್ಣು ಮಿಟುಕಿಸುವುದರೊಳಗೆ ಬೀಸುತ್ತದೆ.