ಇಪ್ಪತ್ತೈದು ವರ್ಷ ದಾಟಿದ ಮರ್ಸಿಡಿಸ್ ಇ220: ಇಂಜಿನ್ ಬಿಸಿಯಾದ ಮೇಲೆ ತಡವರಿಸುತ್ತದೆ, ದುರಸ್ತಿ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1996ರಲ್ಲಿ ಕೊಂಡಿದ್ದ ಮರ್ಸಿಡಿಸ್ ಬೆಂಜ್ ಇ220 ಪೆಟ್ರೋಲ್ ಕಾರು ಈಗ ನನ್ನ ಪಾಲಿಗೆ ಬಂದಿದೆ. ಡಬ್ಲ್ಯೂ124 ಎಂದು ಕರೆಯುವ ಈ ಮಾದರಿಯನ್ನು 1995ರಿಂದ ಪುಣೆಯಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಸಹಯೋಗದಲ್ಲಿ ಜೋಡಿಸುತ್ತಿದ್ದರು. ನಮ್ಮದೂ ಅಲ್ಲಿಂದಲೇ ಬಂದದ್ದು. ತೊಗರಿ ವ್ಯಾಪಾರದ ಕೆಲಸಕ್ಕೆ ಸೊಲ್ಲಾಪುರ, ಹೈದರಾಬಾದ್‌ಗಳಿಗೆ ತಂದೆಯವರು ಇದರಲ್ಲಿಯೇ ಹೋಗಿಬರುತ್ತಿದ್ದರು. ಇಷ್ಟು ವರ್ಷಗಳಲ್ಲಿ ಓಡಿದ್ದು 1,18,000 ಕಿಲೋಮೀಟರ್ ಮಾತ್ರ. ಕಳೆದ ಏಳು ವರ್ಷಗಳಿಂದಂತೂ ವರ್ಷಕ್ಕೆ ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ. ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತೇ ಇರುತ್ತದೆ.

ತೊಂದರೆ ಹೀಗಿದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹತ್ತು ಹನ್ನೆರಡು ಕಿಲೋಮೀಟರ್ ಸೊಗಸಾಗಿ ಓಡುತ್ತದೆ. ಇಂಜಿನ್ ಪೂರ್ತಿ ಬಿಸಿಯಾದ ಬಳಿಕ ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ (ಕಾರು ನಿಂತಿರುವಾಗ ಇಂಜಿನ್ ತಿರುಗುವ ವೇಗ) ಏರಿಳಿಯುತ್ತದೆ, ಕೆಲವೊಮ್ಮೆ ಬಂದ್ ಆಗಿಬಿಡುತ್ತದೆ; ಅರ್ಧ ಗಂಟೆ ತಣ್ಣಗಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಇದಲ್ಲದೆ ತಗ್ಗು ದಿಣ್ಣೆಗಳಲ್ಲಿ ಮುಂಭಾಗದಿಂದ ಕಟಕಟ ಸದ್ದು ಬರುತ್ತದೆ, ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿ ನಿಂತರೆ ಉಷ್ಣತೆಯ ಮುಳ್ಳು ಮೇಲಕ್ಕೆ ಸರಿಯುತ್ತದೆ.

ಊರಿನ ಒಂದು ಗ್ಯಾರೇಜಿನಲ್ಲಿ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಮೂರನ್ನೂ ಒಂದಾದ ಮೇಲೊಂದರಂತೆ ಬದಲಿಸಿದರು. ಪ್ರತಿ ಸಲವೂ ಎರಡು ದಿನ ಸರಿಹೋದಂತೆ ಕಂಡು ಮತ್ತೆ ಅದೇ ಸ್ಥಿತಿ. ಈಗ ಇಂಜಿನ್ ಕಂಪ್ಯೂಟರ್ ಬದಲಿಸಬೇಕು, ಇಲ್ಲವೇ ಕಾರನ್ನು ಗುಜರಿಗೆ ಕೊಡಬೇಕು ಎನ್ನುತ್ತಿದ್ದಾರೆ. ಮಾರುವ ಮನಸ್ಸು ನನಗಿಲ್ಲ. ಆದರೆ ಹಣ ಹಂತಹಂತವಾಗಿ ಮಾತ್ರ ಹೊಂದಿಸಬಲ್ಲೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1: ಬೀದರ್, ನಿವೃತ್ತ ಐ.ಟಿ.ಐ. ಬೋಧಕ

ಮಾನ್ಯರೇ, ಕಂಪ್ಯೂಟರ್ ಬದಲಿಸಲು ಈಗಲೇ ಒಪ್ಪಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಮುಖ್ಯವಾದದ್ದು ಒಂದೇ: ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು, ಮತ್ತೆ ತಣ್ಣಗಾದಾಗ ಸರಿ. ಯಂತ್ರದ ಸವೆತ ಹೀಗೆ ಬಂದು ಹೋಗುವುದಿಲ್ಲ. ವಿದ್ಯುತ್ ಸಂಪರ್ಕದ ದೋಷ ಹೀಗೆ ಬಂದು ಹೋಗುತ್ತದೆ.

1990ರ ದಶಕದ ಮೊದಲರ್ಧದ ಡಬ್ಲ್ಯೂ124 ಪೆಟ್ರೋಲ್ ಕಾರುಗಳನ್ನು ಇಟ್ಟುಕೊಂಡವರಿಗೆಲ್ಲ ಇಂಜಿನ್ನಿನ ವೈರುಗಳ ಕಟ್ಟಾದ ವೈರಿಂಗ್ ಹಾರ್ನೆಸ್‌ನ ಕಥೆ ಗೊತ್ತಿರುತ್ತದೆ. ಆಗ ಬಳಸಿದ ವೈರುಗಳ ಮೇಲ್ಹೊದಿಕೆ ಇಂಜಿನ್ನಿನ ಶಾಖಕ್ಕೆ ವರ್ಷಗಳು ಕಳೆದಂತೆ ಒಣಗಿ, ಬಿರುಕು ಬಿಟ್ಟು, ಕೊನೆಗೆ ಪುಡಿಪುಡಿಯಾಗಿ ಉದುರುತ್ತದೆ. ಹೊರಗಿನ ಕರಿಯ ಕೊಳವೆ ಮಾತ್ರ ಚೆನ್ನಾಗಿಯೇ ಕಾಣುವುದರಿಂದ ನೋಡಿದವರಿಗೆ ಅನುಮಾನ ಬರುವುದಿಲ್ಲ. ಒಳಗೆ ಎರಡು ತಂತಿಗಳು ಬರಿಮೈಯಲ್ಲಿ ಒಂದನ್ನೊಂದು ಮುಟ್ಟಿದಾಗ ಉಷ್ಣತೆಯ ಸೆನ್ಸರ್ ಸುಳ್ಳು ಹೇಳುತ್ತದೆ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಹೊತ್ತಲ್ಲದ ಹೊತ್ತಿನಲ್ಲಿ ತೆರೆಯುತ್ತದೆ, ಐಡ್ಲಿಂಗ್ ತಪ್ಪುತ್ತದೆ. ಪ್ಲಗ್ ಅಥವಾ ಪಂಪ್ ಬದಲಿಸುವಾಗ ಹಾರ್ನೆಸ್ ಸ್ವಲ್ಪ ಅಲುಗಾಡಿ ಆ ತಂತಿಗಳು ತಾತ್ಕಾಲಿಕವಾಗಿ ದೂರವಾಗುತ್ತವೆ. ನಿಮ್ಮ ಕಾರು ಪ್ರತಿ ದುರಸ್ತಿಯ ನಂತರ ಎರಡು ದಿನ ಸುಧಾರಿಸಿದ್ದರ ಕಾರಣ ಇದೇ ಇರಬಹುದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪರೀಕ್ಷೆಗೆ ಹಣ ಬೇಕಾಗಿಲ್ಲ. ಇಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಇಂಜಿನ್ನಿನ ತಲೆಭಾಗದ ಹತ್ತಿರ ಹಾರ್ನೆಸ್‌ನ ಹೊರ ಕೊಳವೆಯನ್ನು ಒಂದೆರಡು ಅಂಗುಲ ಮಾತ್ರ ಸೀಳಿ ನೋಡಿ. ಒಂದು ವೈರನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ. ಆರೋಗ್ಯವಂತ ವೈರು ಬಾಗಿ ಮತ್ತೆ ನೇರವಾಗುತ್ತದೆ. ಕೆಟ್ಟ ವೈರಿನ ಮೇಲ್ಹೊದಿಕೆ ಒಣಗಿದ ಕಡಲೆ ಸಿಪ್ಪೆಯಂತೆ ಕಳಚುತ್ತದೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಆಕ್ಚುಯೇಟರ್‌ನಿಂದ ಹೊರಡುವ ಕೇಬಲನ್ನೂ ಹೀಗೆಯೇ ನೋಡಿ, ಅದಕ್ಕೂ ಇದೇ ರೋಗ. ಕಳಚಿದ್ದು ಕಂಡರೆ ಆ ದಿನದಿಂದ ಕಾರನ್ನು ಸ್ಟಾರ್ಟ್ ಮಾಡುವುದನ್ನೇ ನಿಲ್ಲಿಸಿ. ಈವರೆಗೆ ಕಂಪ್ಯೂಟರ್ ಸುಟ್ಟಿಲ್ಲವೆಂದರೆ ಅದು ನಿಮ್ಮ ಅದೃಷ್ಟ. ತಂತಿಗಳು ಮುಟ್ಟಿಕೊಂಡು ಅದು ನಿಜವಾಗಿಯೇ ಸುಟ್ಟರೆ ಹುಡುಕುವುದು ಬಹಳ ಕಷ್ಟ. ಹಳೆಯ ವೈರಿಂಗ್ ಹಾಗೆಯೇ ಇಟ್ಟು ಹೊಸ ಕಂಪ್ಯೂಟರ್ ಹಾಕಿದರೆ ಅದನ್ನೂ ಕಳೆದುಕೊಳ್ಳುವ ಅಪಾಯವಿದೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ಹೊಸ ಹಾರ್ನೆಸ್ ತರಿಸಬಹುದು. ಅಥವಾ ಹಳೆಯದನ್ನು ಇಡಿಯಾಗಿ ಬಿಚ್ಚಿ, ಅದರ ಮೂಲ ಕನೆಕ್ಟರ್‌ಗಳನ್ನೇ ಉಳಿಸಿಕೊಂಡು, ಶಾಖ ತಾಳುವ ಸಿಲಿಕೋನ್ ಅಥವಾ ಟೆಫ್ಲಾನ್ ಹೊದಿಕೆಯ ವೈರುಗಳಿಂದ ಮತ್ತೆ ಕಟ್ಟಿಸಬಹುದು. ಎರಡನೆಯದು ಮಾಡಿಸುವುದಾದರೆ ಪ್ರತಿ ವೈರಿನ ದಪ್ಪವೂ ಮೂಲದಷ್ಟೇ ಇರಬೇಕು, ಪ್ರತಿ ಪಿನ್ನಿಗೂ ಗುರುತಿನ ಚೀಟಿ ಅಂಟಿಸಿ ಫೋಟೋ ತೆಗೆದ ಮೇಲೆಯೇ ಹಳೆಯದನ್ನು ಕತ್ತರಿಸಬೇಕು. ಕೆಟ್ಟ ಜಾಗದಲ್ಲಿ ಮಾತ್ರ ಟೇಪ್ ಸುತ್ತಿಸುವ ಸಲಹೆಯನ್ನು ಖಂಡಿತ ಒಪ್ಪಬೇಡಿ, ಏಕೆಂದರೆ ಇಂದು ಒಂದು ಗೇಣು ಕೆಟ್ಟಿದ್ದರೆ ಉಳಿದ ಗೇಣುಗಳೂ ಅದೇ ಹಾದಿಯಲ್ಲಿವೆ.

ಉತ್ತರ 2: ಯಾದಗಿರಿ

ಬೀದರಿನ ಗುರುಗಳು ವೈರಿಂಗ್ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದೇನೂ ಇಲ್ಲ. ಮುಂಭಾಗದ ಸದ್ದು ಮತ್ತು ಬಿಸಿಯಾಗುವಿಕೆಯ ಬಗ್ಗೆ ನನ್ನ ಅನುಭವ ಬರೆಯುತ್ತೇನೆ. ಇದೇ ಮಾದರಿಯ ಕಾರನ್ನು ನಾನು ಹದಿಮೂರು ವರ್ಷ ನಮ್ಮ ಬಿಸಿಲಿನಲ್ಲಿಯೇ ಓಡಿಸಿದ್ದೇನೆ.

ಮೊದಲು ಬಿಸಿಯ ವಿಷಯ. ನಿಮ್ಮ ರೇಡಿಯೇಟರಿಗೆ ಇಷ್ಟು ವರ್ಷ ಯಾವ ನೀರು ಹಾಕಿದ್ದಾರೆಂದು ವಿಚಾರಿಸಿ. ನಮ್ಮ ಭಾಗದ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಮನೆಯ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತು. ಅದೇ ಸುಣ್ಣದ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕೂಡುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಹಾಕಬೇಕು. ಈ ರೇಡಿಯೇಟರಿನ ಅಲ್ಯೂಮಿನಿಯಂ ಮೈಗೆ ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕುಗಳಿವೆ; ಮೇಲಿನ ಹೋಸ್ ಕೂಡುವ ಪ್ಲಾಸ್ಟಿಕ್ ಕತ್ತು ವಯಸ್ಸಾದಂತೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಹುಮನಾಬಾದ್ ಹತ್ತಿರ ಹೆದ್ದಾರಿಯಲ್ಲಿ ನಡುಮಧ್ಯಾಹ್ನ ನನಗೆ ಹಾಗಾಗಿ, ಕಾರನ್ನು ಲಾರಿಯ ಮೇಲೆ ಏರಿಸಿ ತರಬೇಕಾಯಿತು. ಇಪ್ಪತ್ತೈದು ವರ್ಷ ದಾಟಿದ ರೇಡಿಯೇಟರನ್ನು ತೊಳೆಸುವುದಕ್ಕಿಂತ ಬದಲಿಸುವುದೇ ಮೇಲು. ಜೊತೆಗೆ 87 ಡಿಗ್ರಿಯ ಥರ್ಮೋಸ್ಟಾಟ್ (ಉಷ್ಣತೆಗೆ ತಕ್ಕಂತೆ ಕೂಲೆಂಟ್ ಹರಿವನ್ನು ತೆರೆಯುವ ಕವಾಟ) ಹೊಸದು ಹಾಕಿಸಿ. ಥರ್ಮೋಸ್ಟಾಟನ್ನೇ ತೆಗೆದುಬಿಟ್ಟರೆ ತಂಪಾಗುತ್ತದೆ ಎಂದು ನಮ್ಮ ಕಡೆ ಹಲವರು ಹೇಳುತ್ತಾರೆ, ಕೇಳಬೇಡಿ. ಎ.ಸಿ. ಹಾಕಿ ನಿಂತಾಗ ಮುಂದಿನ ಎರಡು ಎಲೆಕ್ಟ್ರಿಕ್ ಫ್ಯಾನುಗಳು ತಿರುಗುತ್ತಿವೆಯೇ ಎಂಬುದನ್ನೂ ನೋಡಿ.

ಇನ್ನು ಕಟಕಟ ಸದ್ದು. ಅದು ಚಕ್ರ ಹಿಡಿದಿರುವ ತೋಳಿನ ಕೀಲು, ಅಂದರೆ ಕೆಳಗಿನ ಬಾಲ್ ಜಾಯಿಂಟ್, ಮತ್ತು ಆ ತೋಳಿನ ರಬ್ಬರ್ ತುಂಡುಗಳು, ಅಂದರೆ ಕಂಟ್ರೋಲ್ ಆರ್ಮ್ ಬುಷ್‌ಗಳದ್ದೇ ಆಗಿರುವ ಸಂಭವ ಹೆಚ್ಚು. ಕಾರು ಕಡಿಮೆ ಓಡಿದೆಯೆಂದು ರಬ್ಬರ್ ಉಳಿಯುವುದಿಲ್ಲ. ರಬ್ಬರ್ ಲೆಕ್ಕ ಹಾಕುವುದು ವರ್ಷಗಳನ್ನು. ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮುಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್‌ಗಿಂತ ಬೇರೆಯಾಗಿ, ಭಾರಿ ಒತ್ತಡದಲ್ಲಿ ಆರ್ಮ್ ಮೇಲೆ ಕುಳಿತಿರುತ್ತದೆ. ಅದನ್ನು ಹೊರತೆಗೆಯಲು ಸ್ಪ್ರಿಂಗಿನ ಒಳಗಿನಿಂದ ಹಿಡಿಯುವ ಕಂಪ್ರೆಸರ್ ಬೇಕು. ಸಾಮಾನ್ಯ ಹುಕ್ಕುಗಳಿಂದ, ಜಾಕ್ ಒತ್ತುಕೊಟ್ಟು ಮಾಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ. ಸ್ಪ್ರಿಂಗ್ ಜಾರಿ ಹೊರಬಂದರೆ ಮನುಷ್ಯನ ಪ್ರಾಣಕ್ಕೇ ಅಪಾಯ. ಎರಡನೆಯದು, ಹೊಸ ಬುಷ್‌ಗಳ ಬೋಲ್ಟುಗಳನ್ನು ಕಾರು ನಾಲ್ಕು ಚಕ್ರಗಳ ಮೇಲೆ ತನ್ನ ಭಾರ ಹೊತ್ತು ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಕೆಳಗಿಳಿಸಿದೊಡನೆ ರಬ್ಬರ್ ತಿರುಚಿಕೊಂಡು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಬಿಡಿಭಾಗವೇ ನಕಲಿ ಎಂದು ಅಂಗಡಿಯವರನ್ನು ಬೈಯುತ್ತೇವೆ.

ಉತ್ತರ 3: ಜೇವರ್ಗಿ ರಸ್ತೆ, ಕಲಬುರಗಿ

ಸರ್, ಮೇಲಿನ ಇಬ್ಬರ ಮಾತುಗಳೂ ಸರಿಯಾಗಿವೆ. ಆದರೆ ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಏಳು ವರ್ಷ ಹೆಚ್ಚುಕಡಿಮೆ ನಿಂತೇ ಇದ್ದ ಕಾರಿನಲ್ಲಿ, ಇಂಜಿನ್ ಸರಿಯಾಗಿ ಓಡಬೇಕೆಂಬುದಕ್ಕಿಂತ ಮೊದಲು ಅದು ಸರಿಯಾಗಿ ನಿಲ್ಲಬೇಕು, ಬೆಂಕಿ ಹಿಡಿಯಬಾರದು.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ; ಫ್ಲೂಯಿಡ್ ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ನಮ್ಮಲ್ಲಿ ಅನೇಕರು ಕಾರಿನ ಆಯಸ್ಸಿನಲ್ಲಿ ಒಮ್ಮೆಯೂ ಬದಲಿಸುವುದಿಲ್ಲ. ರಬ್ಬರ್ ಬ್ರೇಕ್ ಹೋಸ್‌ಗಳನ್ನು ಅದರೊಂದಿಗೇ ಹೊಸದು ಮಾಡಿಸಿ. ಹಳೆಯ ಹೋಸ್ ಒಳಗಡೆ ಊದಿಕೊಂಡರೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಒರೆಯುತ್ತಲೇ ಇರುತ್ತದೆ. ನಿಮ್ಮ ಸ್ಟೇರಿಂಗ್ ನಡುಕಕ್ಕೆ ನಿಂತಲ್ಲೇ ತುಕ್ಕು ಹಿಡಿದ ಡಿಸ್ಕ್ ಕೂಡ ಕಾರಣವಿರಬಹುದು, ಬುಷ್ ಒಂದೇ ಅಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2315 ಎಂದಿದ್ದರೆ 2015ರ 23ನೆಯ ವಾರ ತಯಾರಾದದ್ದು. ಅಷ್ಟು ಹಳೆಯದಾಗಿದ್ದರೆ ಗೆರೆಗಳು ಎಷ್ಟೇ ಆಳವಾಗಿ ಕಂಡರೂ ತೆಗೆದುಬಿಡಿ. ಈ ಕಾರಿನ 195/65 ಆರ್15 ಅಳತೆ ಇಂದಿಗೂ ಸುಲಭವಾಗಿ ಸಿಗುತ್ತದೆ.

ಪೆಟ್ರೋಲ್ ಹೋಸ್‌ಗಳ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕವಿದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1996ರ ರಬ್ಬರ್ ಅದಕ್ಕಾಗಿ ತಯಾರಾದದ್ದಲ್ಲ. ಇಂಜೆಕ್ಷನ್ ಕಾರಿನಲ್ಲಿ ಇಂಧನ 3ರಿಂದ 4 ಬಾರ್ ಒತ್ತಡದಲ್ಲಿ ಹರಿಯುವುದರಿಂದ ಸಣ್ಣ ಬಿರುಕೊಂದು ಸಾಕು, ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಎಥನಾಲ್ ತಾಳುವ ಹೋಸ್‌ಗಳನ್ನು ಟ್ಯಾಂಕಿನಿಂದ ಇಂಜಿನ್ನಿನವರೆಗೆ ಎಲ್ಲೆಡೆ ಹಾಕಿಸಿ, ಹೊಸ ಕ್ಲಿಪ್ಪುಗಳ ಸಮೇತ. ಹಾಗೆಯೇ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಕೊಳೆಯಲು ಬಿಡಬೇಡಿ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ.

ಇನ್ನೊಂದು ಮಾತು. ಬೇವಿನ ಮರದ ನೆರಳು ಚೆನ್ನ, ಆದರೆ ಅದರ ಸಣ್ಣ ಎಲೆಗಳು ಮುಂದಿನ ಗಾಜಿನ ಕೆಳಗಿನ ನೀರಿನ ದಾರಿಗಳನ್ನು ಮುಚ್ಚುತ್ತವೆ. ಮಳೆಗಾಲದಲ್ಲಿ ನೀರು ಹೋಗಲು ಜಾಗವಿಲ್ಲದೆ ಬ್ಲೋವರ್ ಕಡೆಗೆ ಇಳಿಯುತ್ತದೆ. ಬದಿಯ ಪ್ಲಾಸ್ಟಿಕ್ ಹಲಗೆಗಳ ಹಿಂದೆ ನಮ್ಮ ಎರೆ ಮಣ್ಣು ಮೆತ್ತಿಕೊಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ಜಾಕ್ ಕೊಡುವ ಜಾಗಗಳ ತುಕ್ಕು ಅಲ್ಲಿಂದಲೇ ಆರಂಭ. ಒಮ್ಮೆ ಹಲಗೆ ಬಿಚ್ಚಿಸಿ ತೊಳೆಸಿ.

ಬಿಡಿಭಾಗಗಳಿಗೆ ಹೈದರಾಬಾದ್ ಅಥವಾ ಪುಣೆಗೆ ಫೋನ್ ಮಾಡುವಾಗ ಕಾರಿನ ಹೆಸರು ಹೇಳಿದರೆ ಸಾಲದು, ಚಾಸಿ ನಂಬರಿನ ಮೂಲಕ ತೆಗೆಸಿದ ಪಾರ್ಟ್ ನಂಬರ್ ಹೇಳಿ. ಕಾರಿನ ಭಾಗಗಳ ನಂಬರ್ ಬಹುಮಟ್ಟಿಗೆ 124ರಿಂದಲೂ ನಿಮ್ಮ ಇಂಜಿನ್ನಿನ ಭಾಗಗಳ ನಂಬರ್ 111ರಿಂದಲೂ ಆರಂಭವಾಗುತ್ತದೆ. ನೋಂದಣಿ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಅವಧಿ ಮುಗಿದಿದ್ದರೆ ಫಾರಂ 25ರ ಅರ್ಜಿ ಮತ್ತು ತಪಾಸಣೆಗೆ ಮುಂಚೆಯೇ ಬ್ರೇಕ್ ಕೆಲಸ ಮುಗಿಸಿಕೊಳ್ಳಿ.

ಉತ್ತರ 4: ಬೀದರ್, ನಿವೃತ್ತ ಐ.ಟಿ.ಐ. ಬೋಧಕ

ಜೇವರ್ಗಿ ರಸ್ತೆಯವರ ಮಾತನ್ನು ಒಪ್ಪುತ್ತೇನೆ. ವೈರಿಂಗ್ ತಪಾಸಣೆ ಕಾರು ನಿಂತಲ್ಲೇ ಆಗುವ ಕೆಲಸ, ಅದು ಮೊದಲು ಆಗಲಿ. ಆದರೆ ಕಾರು ರಸ್ತೆಗೆ ಇಳಿಯುವ ಮುನ್ನ ಪೆಟ್ರೋಲ್ ಹೋಸ್, ಬ್ರೇಕ್, ಟೈರ್ ಮೂರೂ ಮುಗಿದಿರಬೇಕು. ರೇಡಿಯೇಟರ್ ಕೆಲಸ ಮಾರ್ಚ್ ಒಳಗೆ ಆದರೆ ಸಾಕು. ಬುಷ್‌ಗಳು ಕೊನೆಗೆ ಬರಲಿ. ಆದರೆ ಬಾಲ್ ಜಾಯಿಂಟ್ ಸಡಿಲವಿದ್ದರೆ ಅದನ್ನು ಬ್ರೇಕ್ ಕೆಲಸದೊಂದಿಗೇ ಸೇರಿಸಿಕೊಳ್ಳಿ, ಅದಕ್ಕೆ ಕಾಯುವ ಹಾಗಿಲ್ಲ.

ಪ್ರಶ್ನೆ ಕೇಳಿದವರು: ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಭಾನುವಾರ ಬೆಳಿಗ್ಗೆ ಬ್ಯಾಟರಿ ಬಿಚ್ಚಿ, ಗುರುಗಳು ಹೇಳಿದ ಜಾಗದಲ್ಲಿ ಕೊಳವೆ ಸೀಳಿ ನೋಡಿದೆ. ಮೊದಲನೆಯ ವೈರು ಚೆನ್ನಾಗಿತ್ತು. ಎರಡನೆಯದನ್ನು ಬಾಗಿಸಿದೊಡನೆ ಹೊದಿಕೆ ಕಳಚಿ ನನ್ನ ಅಂಗೈ ಮೇಲೆ ಬಿತ್ತು, ಒಳಗಿನ ತಾಮ್ರ ಕಂಡಿತು. ಥ್ರಾಟಲ್‌ನ ಕೇಬಲ್ ಇನ್ನೂ ಹೆಚ್ಚು ಕೆಟ್ಟಿದೆ. ಇದೇ ವೈರುಗಳ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೋದ ತಿಂಗಳು ಹೈದರಾಬಾದ್‌ಗೆ ಹೋಗಿಬಂದೆನಲ್ಲ ಎಂದು ನೆನೆದು ಭಯವಾಯಿತು.

ಕಾರನ್ನು ಅಂದಿನಿಂದ ಸ್ಟಾರ್ಟ್ ಮಾಡಿಲ್ಲ. ಹಾರ್ನೆಸ್ ಬಿಚ್ಚುವ ಮೊದಲು ಎಲ್ಲ ಕನೆಕ್ಟರ್‌ಗಳಿಗೂ ಚೀಟಿ ಅಂಟಿಸಿ ಫೋಟೋ ತೆಗೆಯುತ್ತಿದ್ದೇನೆ. ಈವರೆಗೆ ಅರ್ಧ ಮುಗಿದಿದೆ. ಮತ್ತೆ ಕಟ್ಟುವ ಕೆಲಸಕ್ಕೆ ಇಲ್ಲಿಯೇ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಒಪ್ಪಿದ್ದಾರೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಪ್ರತಿ ವೈರಿನ ದಪ್ಪ ಎಷ್ಟು ಎಂಬುದಾಗಿತ್ತು, ಹಾಗಾಗಿ ನಂಬಿಕೆ ಬಂದಿದೆ. ಟೈರುಗಳ ಮೇಲೆ 3614 ಎಂದಿದೆ, ನಾಲ್ಕನ್ನೂ ಬದಲಿಸುತ್ತೇನೆ. ಪೆಟ್ರೋಲ್ ಹೋಸ್‌ಗಳ ಅಳತೆ ತೆಗೆದು ಬರೆದಿಟ್ಟಿದ್ದೇನೆ.

ಯಾದಗಿರಿಯವರಲ್ಲಿ ಒಂದು ವಿನಂತಿ: ಸ್ಪ್ರಿಂಗಿನ ಒಳಗಿನಿಂದ ಹಿಡಿಯುವ ಆ ಕಂಪ್ರೆಸರ್ ನಿಮ್ಮ ಬಳಿ ಇದ್ದರೆ, ಅಥವಾ ಅದನ್ನು ಇಟ್ಟುಕೊಂಡಿರುವ ಗ್ಯಾರೇಜ್ ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಾದರೂ ಇದ್ದರೆ ತಿಳಿಸಿ. ಇಲ್ಲಿ ನಾನು ವಿಚಾರಿಸಿದ ನಾಲ್ಕು ಕಡೆಯೂ ಜಾಕ್ ಒತ್ತುಕೊಟ್ಟೇ ತೆಗೆಯುತ್ತೇವೆ ಎಂದರು. ಅವರಿಗೆ ಬೇಡವೆಂದು ಹೇಳಿ ಬಂದಿದ್ದೇನೆ.