ನ್ಯಾನೊ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಅಪಾಯವನ್ನು ಅಳೆಯುವುದು ಹೇಗೆ?

ಪ್ರಶ್ನೆ

ಬಣ್ಣ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಹೊಣೆ ನನ್ನದು. ಬಣ್ಣಕ್ಕೆ ಬಳಸುವ ಬಿಳಿ ಪುಡಿಯಾದ ಸಾಮಾನ್ಯ ಟೈಟಾನಿಯಂ ಡೈಆಕ್ಸೈಡ್ ಜೊತೆಗೆ ಈಗ 25 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಕಣಗಳ ಪುಡಿಯನ್ನೂ ತರಿಸುತ್ತಿದ್ದೇವೆ. ಎರಡರ ಸೇಫ್ಟಿ ಡೇಟಾ ಶೀಟ್‌ನಲ್ಲೂ (ಅಪಾಯ, ಎಚ್ಚರಿಕೆಗಳನ್ನು ತಿಳಿಸುವ ಹಾಳೆ) ಅವೇ ಮಾತುಗಳಿವೆ. ರಾಸಾಯನಿಕ ಒಂದೇ ಆದ್ದರಿಂದ ಅಪಾಯವೂ ಒಂದೇ ಎಂದು ತಿಳಿಯಬಹುದೇ? ಚೀಲ ಬಿಚ್ಚಿ ಸುರಿಯುವ ಇಬ್ಬರು ಕೆಲಸಗಾರರ ಬಗ್ಗೆ ನನಗೆ ಆತಂಕವಿದೆ.

ಉತ್ತರ 1

ಹಾಗೆ ತಿಳಿಯಬಾರದು. ಒಂದು ಗ್ರಾಂ ಪುಡಿಯ ಕಣಗಳು 250 ನ್ಯಾನೊಮೀಟರ್ ಇದ್ದರೆ ಅವುಗಳ ಒಟ್ಟು ಮೇಲ್ಮೈ ಸುಮಾರು 6 ಚದರ ಮೀಟರ್. 25 ಇದ್ದರೆ 57ರ ಆಸುಪಾಸು. ಶ್ವಾಸಕೋಶದ ಜೀವಕೋಶಗಳಿಗೆ ತಾಗುವುದು ಈ ಮೇಲ್ಮೈ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದೇ ತೂಕದ ಸಣ್ಣ ಕಣಗಳು ಹೆಚ್ಚಿನ ಉರಿಯೂತ ಉಂಟುಮಾಡಿದವು. ಆದ್ದರಿಂದಲೇ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಿಯೋಷ್ (NIOSH) ಸಂಸ್ಥೆ 2011ರಲ್ಲಿ, ಕೆಲಸದ ಸ್ಥಳದ ಗಾಳಿಯ ಪ್ರತಿ ಘನ ಮೀಟರಿಗೆ, ಸಾಮಾನ್ಯ ಪುಡಿಗೆ 2.4 ಮಿಲಿಗ್ರಾಂ ಎಂದೂ 100 ನ್ಯಾನೊಮೀಟರಿಗಿಂತ ಸಣ್ಣ ಕಣಗಳಿಗೆ 0.3 ಮಿಲಿಗ್ರಾಂ ಎಂದೂ ಬೇರೆಬೇರೆ ಮಿತಿಗಳನ್ನು ಶಿಫಾರಸು ಮಾಡಿತು. ನಿಮ್ಮ ಡೇಟಾ ಶೀಟ್‌ನಲ್ಲಿ ಕಣದ ಗಾತ್ರವೇ ಇಲ್ಲವೆಂದಾದರೆ, ಪೂರೈಕೆದಾರರಿಂದ ಅದನ್ನು ಬರಹದಲ್ಲಿ ಪಡೆಯಿರಿ.

ಉತ್ತರ 2

ಮೇಲಿನ ಮಾತು ಸರಿ, ಆದರೆ ಪುಡಿಯ ಗುಣ ತಿಳಿದ ಮಾತ್ರಕ್ಕೆ ಅಪಾಯ ತಿಳಿದಂತಾಗುವುದಿಲ್ಲ. ಅದು ಯಾವ ಹಂತದಲ್ಲಿ, ಎಷ್ಟು ಹೊತ್ತು, ಯಾರ ಉಸಿರಿಗೆ ಸೇರುತ್ತದೆ ಎಂಬುದನ್ನೂ ನೋಡಬೇಕು. ದ್ರವದಲ್ಲಿ ಬೆರೆತ ಮೇಲೆ ಪುಡಿ ಅಷ್ಟಾಗಿ ಗಾಳಿಗೆ ಏಳುವುದಿಲ್ಲ. ಚೀಲ ಬಿಚ್ಚುವುದು, ತೂಗುವುದು, ಸುರಿಯುವುದು, ಖಾಲಿ ಚೀಲ ಮಡಚುವುದು, ನೆಲ ಗುಡಿಸುವುದು: ನಿಮ್ಮಲ್ಲಿ ಪರೀಕ್ಷಿಸಬೇಕಾದ ಹಂತಗಳು ಇವು. ಕೊನೆಯ ಎರಡನ್ನು ಬಹಳ ಮಂದಿ ಮರೆಯುತ್ತಾರೆ.

ಕಣ ಎಣಿಸುವ ಉಪಕರಣ ಬಾಡಿಗೆಗೆ ತಂದರೆ, ಕೆಲಸ ಆರಂಭವಾಗುವ ಮೊದಲೇ ಒಮ್ಮೆ ಅಳೆಯಿರಿ. ಡೀಸೆಲ್ ಹೊಗೆಯಲ್ಲೂ ಇದೇ ಗಾತ್ರದ ಕಣಗಳಿರುವುದರಿಂದ, ಹೊರಗೆ ನಿಂತ ಒಂದು ಲಾರಿಯೂ ಲೆಕ್ಕವನ್ನು ಕೆಡಿಸಬಲ್ಲದು. ಸಂದೇಹ ಉಳಿದರೆ ಫಿಲ್ಟರ್‌ನಲ್ಲಿ ಗಾಳಿಯ ಮಾದರಿ ಹಿಡಿದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು.

ಪ್ರಶ್ನೆ ಕೇಳಿದವರು

ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗುಂಪುಗಳಾಗುತ್ತವೆ, ಆದ್ದರಿಂದ ಭಯವಿಲ್ಲ ಎಂದು ಪೂರೈಕೆದಾರರು ಹೇಳುತ್ತಿದ್ದಾರೆ.

ಉತ್ತರ 1

ಅದನ್ನು ಒಪ್ಪಬೇಡಿ. 0.3 ಮಿಲಿಗ್ರಾಂ ಮಿತಿ ಅನ್ವಯಿಸುವುದು ಮೂಲ ಕಣದ, ಅಂದರೆ ಗುಂಪಿನೊಳಗಿನ ಒಂದೊಂದು ಬಿಡಿ ಕಣದ, ಗಾತ್ರದ ಆಧಾರದ ಮೇಲೆ. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಗುಂಪುಗಳೂ ಅದರಲ್ಲಿ ಸೇರುತ್ತವೆ. ಅಳತೆ ಮುಗಿಯುವವರೆಗೆ ಕಾಯದೆ, ಸುರಿಯುವ ಜಾಗಕ್ಕೆ ಗಾಳಿ ಎಳೆಯುವ ಹುಡ್ ಹಾಕಿಸಿ, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಿರಿ. ಮಾಸ್ಕ್ ಇವೆಲ್ಲದರ ನಂತರದ್ದು.

ಪ್ರಶ್ನೆ ಕೇಳಿದವರು

ಪೊರಕೆಯನ್ನು ಇಂದೇ ನಿಲ್ಲಿಸಿದ್ದೇವೆ. ಪುಡಿಯ ಬದಲು ನೀರಿನಲ್ಲಿ ಕಲಸಿದ ರೂಪದಲ್ಲೇ ಕಳುಹಿಸಬಹುದೇ ಎಂದು ಪೂರೈಕೆದಾರರಿಗೆ ಬರೆದಿದ್ದೇನೆ.