ಕೀನ್ಯಾಗೆ ಲ್ಯಾಬ್ ಸಾಫ್ಟ್‌ವೇರ್ ಕೊಡ್ಬೇಕು, ಪೇಷಂಟ್ ಡೇಟಾ ಅಲ್ಲೇ ಇಡ್ಬೇಕಾ? ಟ್ಯಾಕ್ಸ್ ಹೆಂಗೆ? ಗೊತ್ತಿರೋರು ಹೇಳಿ

ಮಂಜು_ಬಸವೇಶ್ವರನಗರ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ನನ್ ಫ್ರೆಂಡು ಇಬ್ರು ಸೇರ್ಕೊಂಡು ಐದು ವರ್ಷದಿಂದ ಲ್ಯಾಬ್ ಸಾಫ್ಟ್‌ವೇರ್ ಮಾಡ್ತಿದೀವಿ. ರಕ್ತ ಪರೀಕ್ಷೆ ಮಾಡೋ ಸಣ್ಣ ಸಣ್ಣ ಡಯಾಗ್ನೋಸ್ಟಿಕ್ ಸೆಂಟರ್‌ಗಳಿಗೆ ಬಿಲ್ಲಿಂಗು, ಟ್ಯೂಬಿಗೆ ಅಂಟ್ಸೋ ಬಾರ್‌ಕೋಡ್ ಸ್ಟಿಕ್ಕರು, ಡಾಕ್ಟ್ರು ಸೈನ್ ಮಾಡಿದ ತಕ್ಷಣ ರಿಪೋರ್ಟು ಪೇಷಂಟ್ ವಾಟ್ಸಾಪಿಗೆ ಹೋಗೋದು, ಇಷ್ಟು. ವಿಜಯನಗರ, ನಾಗರಭಾವಿ, ತುಮಕೂರು ಕಡೆ ಒಂದಷ್ಟು ಲ್ಯಾಬ್‌ನೋರು ಯೂಸ್ ಮಾಡ್ತಿದಾರೆ. ಹೋದ ತಿಂಗಳು ನೈರೋಬಿಯಿಂದ ಒಬ್ರು ತಮ್ಮ ತಾಯಿ ಟ್ರೀಟ್‌ಮೆಂಟಿಗೆ ಅಂತ ಬೆಂಗಳೂರಿಗೆ ಬಂದಿದ್ರು, ಅವರದ್ದೇ ಅಲ್ಲಿ ಪಾರ್ಕ್‌ಲ್ಯಾಂಡ್ಸ್ ಅನ್ನೋ ಏರಿಯಾದಲ್ಲಿ ಲ್ಯಾಬ್ ಇದೆ, ಮೂರು ಬ್ರಾಂಚು. ನಮ್ಮ ಕಸ್ಟಮರ್ ಲ್ಯಾಬಲ್ಲಿ ಬ್ಲಡ್ ಕೊಟ್ಟು ಆಟೋದಲ್ಲಿ ರೂಮಿಗೆ ವಾಪಸ್ ಹೋಗೋಷ್ಟರಲ್ಲಿ ರಿಪೋರ್ಟ್ ಫೋನಿಗೆ ಬಂದಿದ್ ನೋಡಿ ನಮ್ಮ ನಂಬರ್ ಹುಡುಕ್ಕೊಂಡು ಫೋನ್ ಮಾಡಿದ್ರು. ನಮಗೆ ಎಷ್ಟು ಖುಷಿ ಆಯ್ತು ಅಂದ್ರೆ ಹೇಳಕ್ಕಾಗಲ್ಲ.

ಈಗ ವಿಷ್ಯ ಏನಂದ್ರೆ ಅವರ ಲಾಯರ್ ಕಡೆಯಿಂದ ಹದಿನಾಲ್ಕು ಪೇಜಿನ ಅಗ್ರಿಮೆಂಟ್ ಬಂದಿದೆ. ಡೇಟಾ ಕೀನ್ಯಾದಲ್ಲಿ ಇಡ್ಬೇಕಾಗಬಹುದು ಅಂತ ಒಂದ್ಕಡೆ, ರಿಜಿಸ್ಟರ್ ಆಗ್ಬೇಕು ಅಂತ ಇನ್ನೊಂದ್ಕಡೆ. ನಮ್ಮ ಸರ್ವರ್ ಇರೋದು ಮುಂಬೈ ಕ್ಲೌಡಲ್ಲಿ. ಅದರ ಮೇಲೆ ಯಾರೋ ಅಲ್ಲಿ ಬಿಸಿನೆಸ್ ಮಾಡೋಕೆ 30 ಪರ್ಸೆಂಟ್ ಷೇರು ಲೋಕಲ್‌ನೋರಿಗೆ ಕೊಡ್ಬೇಕು ಅಂದ್ರು, ಇನ್ನೊಬ್ರು ಡಿಜಿಟಲ್ ಟ್ಯಾಕ್ಸ್ ಇದೆ ಅಂದ್ರು. ನಾವಿಬ್ರು ಮತ್ತೆ ಇಬ್ರು ಸಪೋರ್ಟ್ ಹುಡುಗ್ರು, ಲೀಗಲ್ ಟೀಮು ಅಂತೆಲ್ಲ ಏನೂ ಇಲ್ಲ. ಹೋಗ್ಬಹುದಾ ಬೇಡ್ವಾ ಹೇಳಿ.

ನೈರೋಬಿಯಿಂದ_ವಾಪಸ್

ಮಂಜು ಅವ್ರೆ, ಧೈರ್ಯವಾಗಿ ಹೋಗಿ, ಆದ್ರೆ ಅಗ್ರಿಮೆಂಟಿನ ಒಂದೊಂದು ಪೇಜೂ ಓದ್ಕೊಂಡು ಹೋಗಿ. ನಾನು 2018ರಿಂದ 2022ರ ತನಕ ನೈರೋಬಿಯಲ್ಲಿ ಕೆಲಸ ಮಾಡಿದೀನಿ, ಈಗ ಜೆಪಿ ನಗರದಲ್ಲಿದೀನಿ.

ಮೊದ್ಲು ಆ 30 ಪರ್ಸೆಂಟ್ ವಿಷ್ಯ ತಲೆಯಿಂದ ತೆಗೆದುಹಾಕಿ. 2020ರಲ್ಲಿ ಬಂದ ಅವರ ಐಸಿಟಿ, ಅಂದ್ರೆ ಮಾಹಿತಿ ತಂತ್ರಜ್ಞಾನ ಪಾಲಿಸಿಯಲ್ಲಿ ಅದಿತ್ತು, 2023ರಲ್ಲಿ ಸರ್ಕಾರನೇ ಕೈಬಿಡ್ತು.

ಡೇಟಾ ವಿಷ್ಯ ಮಾತ್ರ ಸೀರಿಯಸ್ಸು. ಕೀನ್ಯಾದ ಡೇಟಾ ಪ್ರೊಟೆಕ್ಷನ್ ಆಕ್ಟ್ 2019ರದ್ದು, ನಮ್ಮ ದೇಶಕ್ಕಿಂತ ನಾಲ್ಕು ವರ್ಷ ಮುಂಚೆ ಮಾಡಿದಾರೆ. ನೀವು ಬಸವೇಶ್ವರನಗರದಲ್ಲೇ ಕೂತಿದ್ರೂ ಅಲ್ಲಿರೋ ಜನರ ಡೇಟಾ ಮುಟ್ಟಿದ್ರೆ ಆ ಕಾಯ್ದೆ ನಿಮಗೂ ಅಪ್ಲೈ ಆಗುತ್ತೆ. ಲ್ಯಾಬು ಡೇಟಾ ಕಂಟ್ರೋಲರ್, ಅಂದ್ರೆ ಡೇಟಾ ಯಾಕೆ, ಹೆಂಗೆ ಬಳಸ್ಬೇಕು ಅಂತ ತೀರ್ಮಾನ ಮಾಡೋರು, ನೀವು ಪ್ರೊಸೆಸರ್, ಅಂದ್ರೆ ಅವರ ಪರವಾಗಿ ಅದನ್ನ ನಿಭಾಯಿಸೋರು. ಸಾಮಾನ್ಯವಾಗಿ ಹತ್ತು ಜನಕ್ಕಿಂತ ಕಡಿಮೆ, ಟರ್ನೋವರ್ 50 ಲಕ್ಷ ಶಿಲ್ಲಿಂಗಿಗಿಂತ ಕಡಿಮೆ ಇದ್ರೆ ಅಲ್ಲಿಯ ಡೇಟಾ ಕಮಿಷನರ್ ಹತ್ರ ರಿಜಿಸ್ಟ್ರೇಷನ್ ಬೇಡ ಅಂತಿದೆ, ಆದ್ರೆ ಆರೋಗ್ಯ, ಶಿಕ್ಷಣ ಥರದ ಕೆಲವು ಕ್ಷೇತ್ರಕ್ಕೆ ಆ ವಿನಾಯ್ತಿ ಇಲ್ಲ, ಎಷ್ಟೇ ಚಿಕ್ಕೋರಾದ್ರೂ ಆಗ್ಲೇಬೇಕು. ಭಯ ಬೀಳ್ಬೇಡಿ, ಸಣ್ಣ ಕಂಪ್ನಿಗೆ ಫೀಸು 4,000 ಶಿಲ್ಲಿಂಗ್, ನಮ್ಮ ದುಡ್ಡಲ್ಲಿ ಮೂರು ಸಾವಿರದ ಒಳಗೆ, ಎರಡು ವರ್ಷಕ್ಕೊಂದ್ಸಲ ರಿನ್ಯೂ.

ಸರ್ವರ್ ಬಗ್ಗೆ ಹೇಳ್ತೀನಿ, ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಎಲ್ಲಾ ಡೇಟಾನೂ ಅಲ್ಲೇ ಇಡಿ ಅಂತ ಕಾನೂನು ಹೇಳಲ್ಲ. 2021ರ ರೆಗ್ಯುಲೇಷನ್ಸಲ್ಲಿ ದೇಶದ ಹಿತಕ್ಕೆ ಸಂಬಂಧಪಟ್ಟ ಕೆಲವು ಕೆಲಸ ಅಂತ ಪಟ್ಟಿ ಮಾಡಿದಾರೆ, ಜನನ ಮರಣ ನೋಂದಣಿ, ಚುನಾವಣೆ, ಲೈಸೆನ್ಸ್ ಇರೋ ಪೇಮೆಂಟ್ ಸಿಸ್ಟಮ್ ಇಂಥವು. ಆ ಪಟ್ಟಿಯಲ್ಲಿ ಇರೋದಾದ್ರೆ ಕೀನ್ಯಾದ ಸರ್ವರಲ್ಲೇ ಪ್ರೊಸೆಸ್ ಮಾಡ್ಬೇಕು, ಇಲ್ಲಾಂದ್ರೆ ಚಾಲ್ತಿಯಲ್ಲಿರೋ ಒಂದು ಕಾಪಿನಾದ್ರೂ ಅಲ್ಲಿ ಇರ್ಬೇಕು. ಹೆಲ್ತ್ ಡೇಟಾ ಕೂಡ ಪಟ್ಟಿಯಲ್ಲಿದೆ, ಆದ್ರೆ ಹೆಂಗೆ ಅಂದ್ರೆ, ಆ ಪೇಷಂಟಿಗೆ ನೇರವಾಗಿ ಚಿಕಿತ್ಸೆ ಕೊಡೋದನ್ನ ಬಿಟ್ಟು ಬೇರೆ ಉದ್ದೇಶಕ್ಕೆ ಬಳಸಿದ್ರೆ. ಅಂದ್ರೆ ಒಬ್ರ ಶುಗರ್ ರಿಪೋರ್ಟ್ ತೆಗೆದು ಅವರಿಗೇ, ಅವರ ಡಾಕ್ಟ್ರಿಗೇ ಕಳ್ಸೋದು ಬೇರೆ, ಅದೇ ಸಾವಿರ ಜನರ ರಿಪೋರ್ಟ್ ಸೇರ್ಸಿ ಯಾವ ಏರಿಯಾದಲ್ಲಿ ಎಷ್ಟು ಶುಗರ್ ಇದೆ ಅಂತ ಚಾರ್ಟ್ ಮಾಡೋದು ಬೇರೆ. ನಿಮ್ಮ ಸಾಫ್ಟ್‌ವೇರಲ್ಲಿ ಆ ಥರ ಅನಾಲಿಟಿಕ್ಸ್ ಇದ್ಯಾ ನೋಡಿ.

ಮುಂಬೈಗೆ ಡೇಟಾ ಬರೋದಕ್ಕೆ ಇನ್ನೊಂದು ಷರತ್ತಿದೆ. ಹೆಲ್ತ್ ಡೇಟಾ ಸೆನ್ಸಿಟಿವ್ ಅಂತ ಲೆಕ್ಕ, ಕೀನ್ಯಾದ ಹೊರಗೆ ಪ್ರೊಸೆಸ್ ಮಾಡ್ಬೇಕಾದ್ರೆ ಪೇಷಂಟ್ ಒಪ್ಪಿಗೆ ಬೇಕು, ಜೊತೆಗೆ ಸರಿಯಾದ ರಕ್ಷಣೆ ಇದೆ ಅಂತ ತೋರಿಸ್ಬೇಕು. ರಿಸೆಪ್ಷನ್‌ನಲ್ಲಿ ಹೆಸ್ರು, ಫೋನ್ ನಂಬರ್ ಹಾಕೋ ಸ್ಕ್ರೀನಿದ್ಯಲ್ಲ, ಅದರ ಕೆಳಗೆ ಇಂಗ್ಲಿಷು ಮತ್ತೆ ಸ್ವಾಹಿಲಿ ಎರಡರಲ್ಲೂ ಒಂದು ಒಪ್ಪಿಗೆ ಸಾಲು ಇರ್ಲಿ, ಟಿಕ್ ಮೊದ್ಲೇ ಬಿದ್ದಿರ್ಬಾರ್ದು, ಅವರೇ ಹಾಕ್ಬೇಕು. ಡೇಟಾ ಲೀಕ್ ಆಯ್ತು ಅಂದ್ರೆ ನೀವು 48 ಗಂಟೆ ಒಳಗೆ ಲ್ಯಾಬಿಗೆ ಹೇಳ್ಬೇಕು, ಲ್ಯಾಬು 72 ಗಂಟೆ ಒಳಗೆ ಡೇಟಾ ಕಮಿಷನರಿಗೆ.

ಕಮಿಷನರ್ ಆಫೀಸು ಸುಮ್ನೆ ಕೂತಿಲ್ಲ. 2023ರಲ್ಲಿ ಪೋಷಕರನ್ನ ಕೇಳದೆ ಮಕ್ಕಳ ಫೋಟೋ ಹಾಕಿದ್ದಕ್ಕೆ ಒಂದು ಶಾಲೆಗೆ 45.5 ಲಕ್ಷ ಶಿಲ್ಲಿಂಗ್ ದಂಡ ಹಾಕಿದ್ರು. ಅದೇ ವರ್ಷ ಕಣ್ಣು ಸ್ಕ್ಯಾನ್ ಮಾಡಿ ದುಡ್ಡು ಕೊಡ್ತೀವಿ ಅಂತ ಬಂದ ವರ್ಲ್ಡ್‌ಕಾಯಿನ್‌ನ ಸರ್ಕಾರ ನಿಲ್ಲಿಸ್ತು, ಆಮೇಲೆ 2025ರಲ್ಲಿ ಅಲ್ಲಿಯ ಹೈಕೋರ್ಟು ತಗೊಂಡಿರೋ ಬಯೋಮೆಟ್ರಿಕ್ ಡೇಟಾ ಎಲ್ಲಾ ಅಳಿಸಿ ಅಂತ ಆರ್ಡರ್ ಮಾಡ್ತು.

ವಿನಯ್_ಕೆ

ಇದೆಲ್ಲ ಕೇಳಿದ್ರೆ ಬೇಜಾರಾಗುತ್ತೆ. ನಾಲ್ಕು ಜನ ಇರೋ ಕಂಪ್ನಿ ಇದನ್ನೆಲ್ಲ ಹೆಂಗ್ ನಿಭಾಯಿಸೋದು? ದೊಡ್ಡ ಅಮೆರಿಕನ್ ಕಂಪ್ನಿಗಳಿಗೆ ಲಾಯರ್‌ಗಳ ದಂಡೇ ಇರುತ್ತೆ, ಅವರಿಗೆ ಏನೂ ಆಗಲ್ಲ, ಏಟು ಬೀಳೋದು ನಮ್ಮಂಥೋರಿಗೆ. ಡೇಟಾ ಅಂದ್ಕೊಂಡು ಕಾನೂನು ಮಾಡೋದು, ಕೊನೆಗೆ ಎಲ್ಲಾ ದೇಶದೋರಿಗೂ ಬೇಕಾಗಿರೋದು ದುಡ್ಡು. ಮಂಜು, ದುಬೈ ಕಡೆ ನೋಡಿ ಅಂತ ನನ್ನ ಅಭಿಪ್ರಾಯ.

ನೈರೋಬಿಯಿಂದ_ವಾಪಸ್

ವಿನಯ್, ಸಣ್ಣೋರಿಗೆ ಕಷ್ಟ ಅನ್ನೋದು ನಿಜ, ಒಪ್ತೀನಿ. ಬರೀ ದುಡ್ಡಿಗೋಸ್ಕರ ಅನ್ನೋದನ್ನ ಮಾತ್ರ ಒಪ್ಪಲ್ಲ, ಯಾಕಂದ್ರೆ ಆ ಕಾಯ್ದೆ ಯಾಕೆ ಬೇಕಿತ್ತು ಅಂತ ಕಣ್ಣಾರೆ ನೋಡಿದೀನಿ.

ನಾವಿದ್ದ ಅಪಾರ್ಟ್‌ಮೆಂಟಲ್ಲಿ ಒಬ್ರು ವಾಚ್‌ಮನ್ ಇದ್ರು, ಕಿಸುಮು ಕಡೆಯೋರು, ದಿನಾ ಬೆಳಿಗ್ಗೆ ಮಾತಾಡ್ಸೋರು. ಮಗಳ ಸ್ಕೂಲ್ ಫೀಸಿಗೆ ಅಂತ ಫೋನಲ್ಲೇ ಒಂದು ಲೋನ್ ಆಪಿಂದ ಮೂರು ಸಾವಿರ ಶಿಲ್ಲಿಂಗ್ ತಗೊಂಡಿದ್ರು. ಕಟ್ಟೋದು ಒಂದು ವಾರ ಲೇಟಾಯ್ತು. ಆ ಆಪ್‌ನೋರು ಅವರ ಫೋನಲ್ಲಿದ್ದ ನಂಬರ್‌ಗಳಿಗೆಲ್ಲ ಮೆಸೇಜ್ ಕಳಿಸಿದ್ರು, ಈ ಮನುಷ್ಯ ಸಾಲ ತೀರಿಸ್ತಿಲ್ಲ ಅಂತ. ಹೆಂಡ್ತಿ ಅಣ್ಣನಿಗೆ, ಚರ್ಚಿನ ಪಾದ್ರಿಗೆ, ಬಿಲ್ಡಿಂಗಿನ ಓನರಿಗೆ, ನನಗೂ ಬಂತು ಆ ಮೆಸೇಜು. ಅವತ್ತು ಬೆಳಿಗ್ಗೆ ನನ್ನ ಗಾಡಿಗೆ ಗೇಟ್ ತೆಗೆದ್ರಲ್ಲ, ತಲೆ ಎತ್ತಿ ನೋಡ್ಲಿಲ್ಲ ಆ ಮನುಷ್ಯ. ಎರಡು ವಾರ ಆದ್ಮೇಲೆ ಕೆಲಸ ಬಿಟ್ಟು ಹೋದ್ರು. ಆ ಥರ ಆಪ್‌ಗಳು ಎಷ್ಟೋ ಇದ್ವು, ಎಷ್ಟೋ ಹೊರದೇಶದೋರವು. ಆಮೇಲೆ 2022ರಲ್ಲಿ ಅಲ್ಲಿಯ ಸೆಂಟ್ರಲ್ ಬ್ಯಾಂಕು ಡಿಜಿಟಲ್ ಸಾಲ ಕೊಡೋರಿಗೆ ಲೈಸೆನ್ಸ್ ಕಡ್ಡಾಯ ಮಾಡ್ತು, ಡೇಟಾ ಕಮಿಷನರ್ ದಂಡ ಹಾಕೋಕೆ ಶುರು ಮಾಡಿದ್ರು. ನಮ್ಮಲ್ಲೂ ಲೋನ್ ಆಪ್ ಕಾಟದಲ್ಲಿ ಪ್ರಾಣ ಕಳ್ಕೊಂಡೋರು ಇದಾರಲ್ವಾ. ಮೂರು ಸಾವಿರ ಶಿಲ್ಲಿಂಗಿನ ಸಾಲದ ವಿಷ್ಯಕ್ಕೇ ಹಂಗಾದ್ರೆ ಎಚ್‌ಐವಿ ರಿಪೋರ್ಟ್ ಒಂದು ಹೊರಗೆ ಬಂದ್ರೆ ಏನಾಗುತ್ತೆ ಯೋಚ್ನೆ ಮಾಡಿ. ಲ್ಯಾಬಿನ ಲಾಯರ್ ಹದಿನಾಲ್ಕು ಪೇಜ್ ಕಳ್ಸಿದ್ದು ಸರಿಯಾಗೇ ಇದೆ.

ಶೈಲಜಾ_ಸಿಎ

ಟ್ಯಾಕ್ಸ್ ಭಾಗ ನಾನು ಹೇಳ್ತೀನಿ. ಮಲ್ಲೇಶ್ವರಂನಲ್ಲಿ ಪ್ರಾಕ್ಟೀಸ್, ಪೂರ್ವ ಆಫ್ರಿಕಾಗೆ ಸರ್ವೀಸ್ ಕೊಡೋ ಒಂದೆರಡು ಕ್ಲೈಂಟ್ಸ್ ಇದಾರೆ.

ಕೀನ್ಯಾ 2021ರ ಜನವರಿಯಿಂದ ಡಿಜಿಟಲ್ ಸರ್ವೀಸ್ ಟ್ಯಾಕ್ಸ್ ತಂತು, ಒಟ್ಟು ಬಿಲ್ ಮೇಲೆ 1.5 ಪರ್ಸೆಂಟ್. 2024ರ ಫೈನಾನ್ಸ್ ಬಿಲ್ಲಲ್ಲಿ ಅದನ್ನ ಬದಲಾಯಿಸೋಕೆ ಹೊರಟ್ರು, ಆ ಬಿಲ್ ವಿರುದ್ಧನೇ ಜೂನ್ 25ಕ್ಕೆ ಯುವಕರು ಪಾರ್ಲಿಮೆಂಟಿಗೆ ನುಗ್ಗಿದ್ದು, ಟೀವಿಯಲ್ಲಿ ನೋಡಿರ್ತೀರಿ. ಮಾರನೇ ದಿನ ಅಧ್ಯಕ್ಷ ರೂಟೋ ಬಿಲ್ಲನ್ನೇ ಕೈಬಿಟ್ರು. ಆದ್ರೆ ಡಿಸೆಂಬರಲ್ಲಿ ಬೇರೆ ಕಾನೂನಿನ ಮೂಲಕ ಆ ಬದಲಾವಣೆ ವಾಪಸ್ ಬಂತು. ಈಗ ಅದರ ಹೆಸ್ರು ಸಿಗ್ನಿಫಿಕೆಂಟ್ ಎಕನಾಮಿಕ್ ಪ್ರೆಸೆನ್ಸ್ ಟ್ಯಾಕ್ಸ್, ಅಂದ್ರೆ ಹೊರದೇಶದಲ್ಲಿದ್ದು ಆನ್‌ಲೈನಲ್ಲಿ ಅಲ್ಲಿ ವ್ಯಾಪಾರ ಮಾಡೋರ ಮೇಲಿನ ತೆರಿಗೆ. ಲೆಕ್ಕ ಹೆಂಗೆ ಅಂದ್ರೆ ನಿಮ್ಮ ಬಿಲ್ಲಲ್ಲಿ 10 ಪರ್ಸೆಂಟ್ ಲಾಭ ಅಂತ ಅಂದ್ಕೊಂಡು ಅದರ ಮೇಲೆ 30 ಪರ್ಸೆಂಟ್, ಅಂದ್ರೆ 100 ರೂಪಾಯಿಗೆ 3 ರೂಪಾಯಿ. ಮೊದ್ಲು 50 ಲಕ್ಷ ಶಿಲ್ಲಿಂಗ್ ತನಕ ವಿನಾಯ್ತಿ ಇತ್ತು, 2025ರ ಜುಲೈನಿಂದ ಅದನ್ನೂ ತೆಗೆದ್ರು. ವಿನಯ್ ಅವರ ಸಿಟ್ಟು ಇಲ್ಲಿ ನ್ಯಾಯವಾಗಿದೆ. ಟ್ಯಾಕ್ಸ್ ಹಾಕೋದು ಅವರ ಹಕ್ಕು, ಆದ್ರೆ ಐದು ವರ್ಷದ ಒಳಗೆ ಹೆಸ್ರು, ದರ, ವಿನಾಯ್ತಿ ಎಲ್ಲಾ ಬದಲಾದ್ರೆ ದೊಡ್ಡ ಕಂಪ್ನಿ ಸಾಫ್ಟ್‌ವೇರ್ ಬದಲಾಯಿಸ್ಕೊಳುತ್ತೆ, ಸಣ್ಣೋರು ಪ್ರತಿ ಸಲ ಹೊಸದಾಗಿ ಕಲೀಬೇಕು.

ಮಂಜು ಅವ್ರೆ, ನಿಮ್ಮ ಕೇಸಲ್ಲಿ ದಾರಿ ಇದೆ. ಲ್ಯಾಬು ನಿಮಗೆ ದುಡ್ಡು ಕಳಿಸೋವಾಗ ವಿತ್‌ಹೋಲ್ಡಿಂಗ್ ಟ್ಯಾಕ್ಸ್ (ನಮ್ಮ ಟಿಡಿಎಸ್ ಥರದ್ದು) ಮುರ್ಕೊಂಡ್ರೆ ಆ ಆದಾಯಕ್ಕೆ ಈ 3 ಪರ್ಸೆಂಟ್ ಬೀಳಲ್ಲ. ವಿತ್‌ಹೋಲ್ಡಿಂಗ್ ಅಲ್ಲಿಯ ಮಾಮೂಲಿ ದರ 20 ಪರ್ಸೆಂಟ್, ಆದ್ರೆ ಭಾರತ ಕೀನ್ಯಾ ಮಧ್ಯೆ 2016ರಲ್ಲಿ ಸೈನ್ ಆದ ತೆರಿಗೆ ಒಪ್ಪಂದ ಇದೆ, ಅದರಲ್ಲಿ ರಾಯಲ್ಟಿ, ಟೆಕ್ನಿಕಲ್ ಫೀಸ್ ಎರಡಕ್ಕೂ 10 ಪರ್ಸೆಂಟ್. ಆ ದರ ಸಿಗ್ಬೇಕಂದ್ರೆ ಇಲ್ಲಿಯ ಇನ್‌ಕಮ್ ಟ್ಯಾಕ್ಸಿಂದ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ತಗೊಂಡು ಮೊದಲನೇ ಇನ್‌ವಾಯ್ಸಿಗಿಂತ ಮುಂಚೆನೇ ಅವರಿಗೆ ಕಳಿಸಿ. ಅಲ್ಲಿ ಮುರಿದಿದ್ದಕ್ಕೆ ಸರ್ಟಿಫಿಕೇಟ್ ಕೇಳಿ ಇಸ್ಕೊಳ್ಳಿ, ಇಲ್ಲಿ ರಿಟರ್ನ್ ಹಾಕೋವಾಗ ಕ್ರೆಡಿಟ್ ತಗೋಬಹುದು. ಜಿಎಸ್‌ಟಿಗೆ ಎಲ್‌ಯುಟಿ, ಅಂದ್ರೆ ಟ್ಯಾಕ್ಸ್ ಕಟ್ಟದೆ ಎಕ್ಸ್‌ಪೋರ್ಟ್ ಮಾಡೋಕೆ ಕೊಡೋ ಮುಚ್ಚಳಿಕೆ ಪತ್ರ, ಹಾಕಿದ್ರೆ ಎಕ್ಸ್‌ಪೋರ್ಟ್ ಮೇಲೆ ಕಟ್ಟೋದು ಏನಿಲ್ಲ.

ವ್ಯಾಟ್ ಮರೀಬೇಡಿ, ನಮ್ಮ ಜಿಎಸ್‌ಟಿ ಥರದ್ದು, ಅಲ್ಲಿ 16 ಪರ್ಸೆಂಟ್. ಆಸ್ಪತ್ರೆ, ಲ್ಯಾಬ್ ಸೇವೆಗೆ ಅಲ್ಲಿ ವ್ಯಾಟ್ ವಿನಾಯ್ತಿ ಇರೋದ್ರಿಂದ ಆ ಲ್ಯಾಬಿಗೆ ಖರೀದಿ ಮೇಲೆ ಕಟ್ಟಿದ ವ್ಯಾಟ್ ವಾಪಸ್ ಸಿಗಲ್ಲ, ಅಂದ್ರೆ ಅವರಿಗೆ ನಿಜವಾದ ಖರ್ಚು. ಯಾರು ಕಟ್ಟೋದು, ಹೇಳಿದ ರೇಟು ವ್ಯಾಟ್ ಸೇರಿನಾ ಬಿಟ್ಟಾ ಅಂತ ಅಗ್ರಿಮೆಂಟಲ್ಲಿ ಒಂದು ಸಾಲು ಬರೆಸ್ಲೇಬೇಕು. ಸೈನ್ ಮಾಡೋ ಮುಂಚೆ ನೈರೋಬಿಯ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಒಂದ್ಸಲ ತೋರಿಸಿ.

ಪ್ರಕಾಶ್_ಹೆಗ್ಡೆ

ಶೈಲಜಾ ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ, ಇದರಲ್ಲಿ ಕೀನ್ಯಾ ಮಾತ್ರ ಅಂತಲ್ಲ. ನಾವೂ 2016ರಲ್ಲಿ ಆನ್‌ಲೈನ್ ಜಾಹೀರಾತಿಗೆ 6 ಪರ್ಸೆಂಟ್ ಲೆವಿ ಹಾಕಿದ್ವಿ, 2020ರಲ್ಲಿ ಇ-ಕಾಮರ್ಸಿಗೆ 2 ಪರ್ಸೆಂಟ್ ಹಾಕಿದ್ವಿ, ಎರಡನ್ನೂ 2024, 2025ರಲ್ಲಿ ತೆಗೆದ್ವಿ. 2018ರ ಏಪ್ರಿಲಲ್ಲಿ ಪೇಮೆಂಟ್ ಡೇಟಾ ಎಲ್ಲಾ ಭಾರತದಲ್ಲೇ ಇರ್ಬೇಕು ಅಂತ ಆರ್‌ಬಿಐ ಹೇಳ್ತು, ಆರು ತಿಂಗಳು ಟೈಮು. ಆಗ ನಾನು ಒಂದು ಪೇಮೆಂಟ್ ಕಂಪ್ನಿಯಲ್ಲಿದ್ದೆ, ದಸರಾ ರಜೆನೂ ಇಲ್ದೆ ರಾತ್ರಿ ಹಗಲು ಸಿಂಗಪೂರಿಂದ ಡೇಟಾ ಎಳೆದಿದೀವಿ. ಕೀನ್ಯಾದೋರು ಒಂದು ಕಾಪಿ ಇದ್ರೆ ಸಾಕು ಅಂತಾರೆ, ನಮ್ಮದು ಇಲ್ಲೇ ಇರ್ಬೇಕು, ಬೇರೆಲ್ಲೂ ಇರ್ಬಾರ್ದು ಅಂತ. ನಮ್ಮದೇ ಕಟ್ಟುನಿಟ್ಟು.

ಮಂಜು, ಎರಡು ಪ್ರಾಕ್ಟಿಕಲ್ ವಿಷ್ಯ. ಒಂದು ಎಂ-ಪೆಸಾ, ಅಂದ್ರೆ ಫೋನಲ್ಲೇ ದುಡ್ಡು ಕಳ್ಸೋ ಅಲ್ಲಿಯ ವ್ಯವಸ್ಥೆ. ಅಲ್ಲಿ ಎಲ್ರೂ ಕಟ್ಟೋದು ಅದರಲ್ಲೇ, ಬಿಲ್ಲಿಂಗಿಗೆ ಅದು ಬೇಕೇ ಬೇಕು. ಅದರಲ್ಲಿ ದುಡ್ಡು ತಗೊಳ್ಳೋಕೆ ಅಂಗಡಿ, ಕಂಪ್ನಿಗಳಿಗೆ ಕೊಡೋ ಪೇಬಿಲ್ ನಂಬರ್ ಲ್ಯಾಬಿನ ಹೆಸರಲ್ಲೇ ಇರ್ಲಿ, ದುಡ್ಡು ನೇರ ಅವರಿಗೇ ಹೋಗ್ಲಿ, ನಿಮ್ಮ ಸಾಫ್ಟ್‌ವೇರಿಗೆ ಕಟ್ಟಾಯ್ತು ಅನ್ನೋ ಮೆಸೇಜ್ ಮಾತ್ರ ಬರ್ಲಿ. ದುಡ್ಡು ನಿಮ್ಮ ಅಕೌಂಟ್ ಮೂಲಕ ಹೋಯ್ತು ಅಂದ್ರೆ ಪೇಮೆಂಟ್ ಲೈಸೆನ್ಸ್ ಪ್ರಶ್ನೆ ಬರುತ್ತೆ, ಅದು ನಾಲ್ಕು ಜನದ ಕಂಪ್ನಿಗೆ ಆಗೋ ಕೆಲಸ ಅಲ್ಲ. ಇನ್ನೊಂದು, ರಿಪೋರ್ಟ್ ಕಳ್ಸೋಕೆ ಒಂದೇ ಆಪ್ ನೆಚ್ಕೋಬೇಡಿ, ಎಸ್‌ಎಂಎಸ್ ಕೂಡ ಇಟ್ಕೊಳ್ಳಿ. 2023 ಮತ್ತೆ 2024ರ ನವೆಂಬರಲ್ಲಿ ಅಲ್ಲಿಯ ಸ್ಕೂಲ್ ಪರೀಕ್ಷೆ ಟೈಮಲ್ಲಿ ಪೇಪರ್ ಲೀಕ್ ತಡೆಯೋಕೆ ಅಂತ ಟೆಲಿಗ್ರಾಮ್ ಬ್ಲಾಕ್ ಮಾಡಿದ್ರು. ಇವತ್ತು ಟೆಲಿಗ್ರಾಮು, ನಾಳೆ ಇನ್ಯಾವುದೋ. ಜ್ವರದ ರಿಪೋರ್ಟಿಗೆ ಕಾಯ್ತಾ ಇರೋ ಪೇಷಂಟಿಗೆ ಅದೆಲ್ಲ ಗೊತ್ತಿರಲ್ಲ.

ಮಂಜು_ಬಸವೇಶ್ವರನಗರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ ಇಷ್ಟು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ನೈರೋಬಿ ಸರ್, ನೀವು ಕೇಳಿದ ಅನಾಲಿಟಿಕ್ಸ್ ಇದೆ, ಓನರಿಗೆ ತಿಂಗಳಿಗೊಂದು ಚಾರ್ಟ್ ಹೋಗುತ್ತೆ, ಯಾವ ಟೆಸ್ಟ್ ಎಷ್ಟು, ಯಾವ ಪಿನ್‌ಕೋಡಿಂದ ಎಷ್ಟು ಪಾಸಿಟಿವ್ ಅಂತ. ಇವತ್ತು ರಾತ್ರಿ ನಾನೂ ಫ್ರೆಂಡೂ ಕೂತು ಕೋಡ್ ನೋಡಿದ್ವಿ, ಆ ಚಾರ್ಟಿಗೆ ಬೇರೆ ಟೇಬಲ್ ಇಲ್ಲ, ಪೇಷಂಟ್ ಹೆಸ್ರು ಫೋನ್ ನಂಬರ್ ಇರೋ ಅದೇ ಟೇಬಲ್ಲಿಂದ ತೆಗೀತಿದೀವಿ. ಇಲ್ಲಿ ಯಾರೂ ಕೇಳಿರ್ಲಿಲ್ಲ, ನಾವೂ ಯೋಚ್ನೆ ಮಾಡಿರ್ಲಿಲ್ಲ. ಕೀನ್ಯಾಗೆ ಆ ಚಾರ್ಟ್ ಆಫ್ ಮಾಡಿ ಕೊಡೋದು ಅಂತ ತೀರ್ಮಾನ ಮಾಡಿದೀವಿ, ಮೂರು ಬ್ರಾಂಚಿಂದ ದುಡ್ಡು ಬರೋಕೆ ಶುರುವಾದ್ಮೇಲೆ ನೈರೋಬಿಯಲ್ಲೇ ಒಂದು ಡೇಟಾ ಸೆಂಟರಲ್ಲಿ ಕಾಪಿ ಇಟ್ಟು ಆನ್ ಮಾಡೋಣ ಅಂತ. ತುಮಕೂರು ಲ್ಯಾಬ್‌ನೋರದ್ದೂ ಟೇಬಲ್ ಬೇರೆ ಮಾಡ್ತೀವಿ, ಅವರ ಪೇಷಂಟ್‌ಗಳೂ ಜನಾನೇ ಅಲ್ವಾ.

ಶೈಲಜಾ ಮೇಡಂ, ರೆಸಿಡೆನ್ಸಿ ಸರ್ಟಿಫಿಕೇಟಿಗೆ ಅಪ್ಲೈ ಮಾಡೋಕೆ ನಿಮ್ಮ ಆಫೀಸಿಗೇ ಬರ್ಬಹುದಾ? ನೈರೋಬಿ ಸರ್, ಆ ಒಪ್ಪಿಗೆ ಸಾಲನ್ನ ಸ್ವಾಹಿಲಿಯಲ್ಲಿ ಬರೆದ್ಕೊಡೋರು ಯಾರಾದ್ರೂ ಗೊತ್ತಾ, ಟ್ರಾನ್ಸ್‌ಲೇಟ್ ಆಪಲ್ಲಿ ಹಾಕಿ ಕೊಡೋಕೆ ಮನಸ್ಸಿಲ್ಲ.

ನೈರೋಬಿಯಿಂದ_ವಾಪಸ್

ನಮ್ಮ ಹಳೇ ಆಫೀಸಿನ ಒಬ್ರು ಮೊಂಬಾಸಾದೋರು, ಒಳ್ಳೆ ಸ್ವಾಹಿಲಿ. ಮೊದ್ಲು ಆ ಸಾಲು ಕನ್ನಡದಲ್ಲೋ ಇಂಗ್ಲಿಷಲ್ಲೋ ನೀವು ಬರೆದು ಮೆಸೇಜ್ ಮಾಡಿ, ನಿಮ್ಮ ಅಮ್ಮ ಓದಿದ್ರೆ ಅರ್ಥ ಆಗೋ ಥರ ಇರ್ಲಿ. ಶನಿವಾರ ಅವರ ಜೊತೆ ಕಾಲ್ ಇದೆ, ಕೇಳಿ ಕೊಡಿಸ್ತೀನಿ.